ಒಕ್ಕಣ್ಣು ರಾಣಿಯ ರೂಪಾಯಿ

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ತನಗೆ ಮೋಸ ಮಾಡಬಲ್ಲ ಮನುಷ್ಯ ಸಿಗಲಾರ ಎಂದು ಗುತ್ತಲಿನ ಹೊನ್ನಯ್ಯ ಬಲವಾಗಿ ನಂಬಿದ್ದ. ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ಗಾಡಿ ತೂಗಿಸಿ ಬರೆದುಕೊಳ್ಳುವ ಗುಮಾಸ್ತ ಅವನು. ಹೊರೆಯೊಳಗೆ ಕಲ್ಲು ಅಡಗಿಸಿದ್ದರೆ ರೈತನ ಮುಖ ನೋಡಿಯೇ ಹೇಳುತ್ತೇನೆ ಎನ್ನುತ್ತಿದ್ದ. ಎರಡನೇ ಮಹಾಯುದ್ಧ ಶುರುವಾಗಿ ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಾಗ ಅವನ ಅನುಮಾನ ಸರ್ಕಾರದ ಮೇಲೂ ತಿರುಗಿತು. ಇನ್ನು ಮುಂದೆ ಅಪ್ಪಟ ಹಳೇ ಬೆಳ್ಳಿ ರೂಪಾಯಿಗಳನ್ನೇ ಕೂಡಿಡುತ್ತೇನೆ ಎಂದು ಭೀಷ್ಮಪ್ರತಿಜ್ಞೆ ಮಾಡಿದ. ಹೆಂಡತಿಗೆ ಕೇಳಿಸದಂತೆ ಮಾಡಿದ, ಅಷ್ಟೆ.

ಸಂಬಳ ಪ್ರತಿಜ್ಞೆಯಷ್ಟು ದೊಡ್ಡದಿರಲಿಲ್ಲ. ಒಳ್ಳೇ ರೂಪಾಯಿಗಳೆಲ್ಲ ಸಾಹುಕಾರರ ಪೆಟ್ಟಿಗೆ ಸೇರಿದ್ದವು. ಹೊನ್ನಯ್ಯನ ಕೈಗೆ ಎಟುಕುತ್ತಿದ್ದುದು ತೂತು ಬಿದ್ದವು, ಸೊಟ್ಟಗಾದವು, ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದವು. ಮದ್ದೂರಿನಲ್ಲಿ ಬೀಗ ರಿಪೇರಿ ಮಾಡುವ ಬಾಬು ಜಾನ್ ಅಂಥದ್ದೊಂದನ್ನು ಪ್ರತಿ ಶನಿವಾರ ಮಾರುತ್ತಿದ್ದ. ಒಂದೇ ಒಂದು.

"ಭಾರಿ ಮನೆತನದ್ದು ಸ್ವಾಮಿ. ಹೆಸರು ಮಾತ್ರ ಕೇಳ್ಬೇಡಿ" ಎನ್ನುತ್ತಿದ್ದ.

ಹೊನ್ನಯ್ಯ ಹೆಸರು ಕೇಳಲಿಲ್ಲ. ರೂಪಾಯಿಯನ್ನು ಮಾತ್ರ ಕಲ್ಲಿನ ಮೇಲೆ ಟಿಣ್ಣೆನಿಸಿದ, ಹಲ್ಲಿನಲ್ಲಿ ಕಚ್ಚಿದ, ಹುಣಿಸೇಹಣ್ಣು ಹಾಕಿ ತಿಕ್ಕಿದ, ಬಿಸಿಲಿಗೆ ಹಿಡಿದು ನೋಡಿದ. ಒಂದು ರೂಪಾಯಿಯಲ್ಲಂತೂ ತೂತು ವಿಕ್ಟೋರಿಯಾ ರಾಣಿಯ ಕಣ್ಣಿಗೇ ಬಿದ್ದಿತ್ತು. "ಲಡಾಯೀಲಿ ಗುಂಡು ತಾಗಿದ್ದು" ಎಂದ ಬಾಬು ಜಾನ್. ಅದನ್ನು ಹೊನ್ನಯ್ಯ ಚೌಕಾಸಿ ಮಾಡದೆ ಕೊಂಡುಕೊಂಡ.

ಒಂಬತ್ತು ರೂಪಾಯಿಗಳು ಮುರುಕು ಲಾಟೀನಿನ ಹೊಟ್ಟೆಯಲ್ಲಿ ಅಡಗಿದ್ದಾಗ, ಹೆಂಡತಿ ಮಂಗಳಮ್ಮ ಲಾಟೀನನ್ನು ಬೆಸುಗೆಗೆ ಕೊಡೋಣವೆಂದು ಎತ್ತಿದಳು. ಅದು ಗಿಲಕಿಯಂತೆ ಸದ್ದು ಮಾಡಿತು. ಸಂಜೆ ಗಂಡ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಒಂಬತ್ತೂ ಮಣೆಯ ಮೇಲೆ ಸಾಲಾಗಿ ಕೂತಿದ್ದವು.

"ಇದ್ಯಾರ್ದು?" ಎಂದಳು ಮಂಗಳಮ್ಮ.

"ವಿಕ್ಟೋರಿಯಾ ರಾಣೀದು."

"ಮೂತಿ ಯಾರ್ದು ಅಂತ ಕೇಳ್ನಿಲ್ಲ. ಕೊರಳು ಯಾರ್ದು?"

"ಕೊರಳೂ ಇಲ್ಲ, ಗಿರಳೂ ಇಲ್ಲ. ದುಡ್ಡು ಕೊಟ್ಟು ತಂದಿವ್ನಿ ಕಣೆ."

"ತೂತು ರೂಪಾಯಿ ಯಾವ ಅಂಗಡೀಲೂ ನಡೆಯಾಕಿಲ್ಲ. ನಡೆಯೋ ದುಡ್ಡು ಕೊಟ್ಟು ನಡೀದೇ ಇರೋ ದುಡ್ಡು ತಂದೆ ಅಂದ್ರೆ ನಾನು ನಂಬ್ಬೇಕಾ?" ಅವಳು ಒಂದನ್ನೆತ್ತಿ ಮೂಸಿದಳು. "ಅತ್ತರಿನ ವಾಸ್ನೆ ಬತ್ತೈತೆ. ಶನಿವಾರ ಶನಿವಾರ ಮದ್ದೂರಲ್ಲಿ ಏನು ಕ್ಯಾಮೆ ಅಂತ ನಾನೂ ನೋಡ್ತಾನೇ ಇವ್ನಿ."

ಹೊನ್ನಯ್ಯ ಬೆಳ್ಳಿಯ ಶುದ್ಧತೆ, ಸರ್ಕಾರದ ಕುತಂತ್ರ, ಲಡಾಯಿಯ ಗುಂಡು ಎಲ್ಲವನ್ನೂ ವಿವರಿಸಿದ. ವಿವರಿಸಿದಷ್ಟೂ ಅದು ಸುಳ್ಳಿನಂತೆ ಅವನ ಕಿವಿಗೇ ಕೇಳಿಸತೊಡಗಿತು. ಕೊನೆಗೆ, "ಬಾ, ಬಾಬು ಜಾನ್ ಬಾಯಿಂದಲೇ ಕೇಳ್ಸ್ತೀನಿ" ಎಂದುಬಿಟ್ಟ.

ಶನಿವಾರ ಇಬ್ಬರೂ ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮದ್ದೂರಿಗೆ ಬಂದರು. ಬಾಬು ಜಾನನ ಅಂಗಡಿ ಅವನ ಮನೆಯ ಮುಂಭಾಗದಲ್ಲೇ ಇತ್ತು. ನಡುವೆ ಒಂದು ಪರದೆ. ಪರದೆಯಾಚೆ ಅವನ ಹೆಂಡತಿ ಜಾನ್ ಬೀ ಮಸಾಲೆ ಅರೆಯುವ ಸದ್ದು ಕೇಳಿಸುತ್ತಿತ್ತು. ಹೊನ್ನಯ್ಯನನ್ನು ನೋಡಿ ಬಾಬು ಜಾನ್ ನಕ್ಕ. ಅವನ ಹಿಂದೆ ಮಂಗಳಮ್ಮನನ್ನು ನೋಡಿದ್ದೇ ನಗು ನುಂಗಿದ.

"ಯಾರು ಸ್ವಾಮಿ ನೀವು? ಬೀಗ ಕೆಟ್ಟೈತಾ?"

"ತಮಾಸೆ ಬುಡು ಬಾಬು ಜಾನ್. ನಾನು ಕಣಪ್ಪ, ಶನಿವಾರದ ಹೊನ್ನಯ್ಯ."

"ಶನಿವಾರ ನಾನು ಅಂಗಡೀನೇ ತೆಗೆಯಲ್ಲ" ಎಂದ ಬಾಬು ಜಾನ್, ತೆರೆದ ಅಂಗಡಿಯಲ್ಲಿ ಕೂತು.

ಮಂಗಳಮ್ಮ ಗಂಡನನ್ನು ನೋಡಿದ ನೋಟಕ್ಕೆ ಕಬ್ಬಿನ ಗಾಡಿಯೂ ಮಗುಚಿಕೊಳ್ಳುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಒಂಬತ್ತು ರೂಪಾಯಿಗಳನ್ನೂ ಹಲಗೆಯ ಮೇಲೆ ಸುರಿದಳು. "ಅಂಗಾದ್ರೆ ಇವು ನೀನು ಮಾರಿದ್ದಲ್ವಾ?"

ಸುರಿದ ಸದ್ದಿಗೆ ಒಳಗೆ ಅರೆಯುವ ಸದ್ದು ನಿಂತಿತು. ಪರದೆ ಸರಿಯಿತು. ಜಾನ್ ಬೀ ಕೈ ಒರೆಸಿಕೊಳ್ಳುತ್ತ ಬಂದು, ಒಕ್ಕಣ್ಣು ರಾಣಿಯನ್ನು ಎತ್ತಿ ನೋಡಿದಳು.

"ಇದು ನನ್ನ ಕೊರಳಿಂದು" ಎಂದಳು.

ಮಂಗಳಮ್ಮ ಬಹಳ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಬೇರೆ ಹೆಂಗಸಿನ ಮುಖವನ್ನೂ ಸರಿಯಾಗಿ ನೋಡದ ತನಗೆ ಇಂಥ ಗತಿಯೇ ಎಂದು ಹೊನ್ನಯ್ಯನಿಗೆ ಅಳು ಬಂತು.

"ನಿಮ್ಮ ಯಜಮಾನ್ರನ್ನ ನಾನು ನೋಡ್ತಿರೋದು ಇವತ್ತೇ ಅಕ್ಕಾ" ಎಂದಳು ಜಾನ್ ಬೀ. "ನನ್ನ ನಿಕಾಗೆ ನಮ್ಮಪ್ಪ ಮಾಡಿಸಿದ ಸರ ಇದು. ಅಪ್ಪಾನೇ ತೂತು ಹೊಡೆದಿದ್ದು. ಇದೊಂದಕ್ಕೆ ಕೈ ಜಾರಿ ಕಣ್ಣಿಗೆ ಬಿತ್ತು. ಪೆಟ್ಟಿಗೇಲಿ ಭದ್ರವಾಗಿ ಇಟ್ಟಿದ್ದೆ. ಎಲ್ಲಿಟ್ಟಿದೀನಿ ಅಂತ ಗೊತ್ತಿದ್ದಿದ್ದು ಒಬ್ರಿಗೇ."

ಇಬ್ಬರು ಹೆಂಗಸರೂ ಒಟ್ಟಿಗೇ ಬಾಬು ಜಾನನ ಕಡೆ ನೋಡಿದರು. ಅವನು ಹಿತ್ತಲ ಕಡೆ ನೋಡಿದ. ಅಲ್ಲಿ ಗೋಣಿತಾಟು ಹೊದ್ದು ಒಂದು ಹಳೇ ಲಾರಿ ಇಂಜಿನ್ನು ಮಲಗಿತ್ತು. ಅದು ಪುಕ್ಕಟೆ ಸಿಕ್ಕಿತು ಎಂದು ಅವನು ಹೆಂಡತಿಗೆ ಹೇಳಿದ್ದನಂತೆ.

"ಲಡಾಯಿ ಗುಂಡು ಅಂದಿದ್ಯಲ್ಲಪ್ಪ?" ಎಂದ ಹೊನ್ನಯ್ಯ, ಸಣ್ಣ ದನಿಯಲ್ಲಿ.

"ನಮ್ಮ ಮಾವನ ಏಟು ನೀವು ನೋಡಿಲ್ಲ ಹೊನ್ನಯ್ನೋರೇ" ಎಂದ ಬಾಬು ಜಾನ್. ಹೆಸರು ಈಗ ಚೆನ್ನಾಗಿ ನೆನಪಾಗಿತ್ತು.

ತೀರ್ಪು ಹೆಂಗಸರದೇ. ಇಂಜಿನ್ನು ಮಾರಿ ಹೊನ್ನಯ್ಯನ ದುಡ್ಡು ಹಿಂದಿರುಗಿಸಬೇಕು, ಸರವನ್ನು ಈಗಲೇ ಬೆಸೆದು ಕೊಡಬೇಕು. ಬಾಬು ಜಾನ್ ಕುಲುಮೆ ಹೊತ್ತಿಸಿದ. ತಿದಿ ಒತ್ತುವ ಕೆಲಸ ಹೊನ್ನಯ್ಯನಿಗೆ ಬಿತ್ತು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿರಲು, ಪರದೆಯಾಚೆ ಟೀ ಲೋಟಗಳ ಸದ್ದು, ನಗು.

ವಾಪಸು ಬರುವ ಬಸ್ಸಿನಲ್ಲಿ ಹೊನ್ನಯ್ಯ ಮಸಿ ಮುಖ ಹೊತ್ತು ಕೂತಿದ್ದ. ಮಂಗಳಮ್ಮನಿಗೆ ಪಾಪ ಎನಿಸಿರಬೇಕು.

"ಹಳೇ ರೂಪಾಯಿ ಮೇಲೆ ಅಷ್ಟು ಆಸೆ ಇದ್ರೆ ನನ್ನ ಕೇಳ್ಬೇಕಿತ್ತು. ನಮ್ಮವ್ವ ಕೊಟ್ಟಿದ್ದು ಇಪ್ಪತ್ತೆಂಟವೆ. ಒಂದ್ರಲ್ಲೂ ತೂತಿಲ್ಲ."

ಹೊನ್ನಯ್ಯ ನೆಟ್ಟಗೆ ಕೂತ. "ನಮ್ಮನೇಲೇ ಅವೇನೆ?"

"ನಮ್ಮನೇಲೇ ಅವೆ."

"ಎಲ್ಲಿಟ್ಟಿದ್ದೀಯೆ?"

ಮಂಗಳಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದಳು.

"ಅದ ಯೋಳಾಕೆ ನಾನೇನು ಜಾನ್ ಬೀನಾ?"