ನೀಲಿ ಗಿಲಾಸು, ಹತ್ತನೇ ಹುಡುಗ

ಹಣೆಬರಹ ನೆಟ್ಟಗಿಲ್ಲದವನ ಕೈಯಾಗ ಮೈಲುತುತ್ತ ಸೈತ ನೀರಿಗೆ ಕರಗಲ್ಲ ನೋಡ್ರಿ. ನಾನು ಶಹಾಪುರದ ಒಂದು ಪಿಯು ಕಾಲೇಜಿನ್ಯಾಗ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ! ಬೀಗರೇ ಆದ್ರೂ ಇಷ್ಟು ದಿನ ಕುಂತ್ರ ಯಾರೂ ಚಹಾ ಕೊಡಲ್ಲ. ಈ ಸಲ ಪ್ರಾಚಾರ್ಯರು ಕಡ್ಡಿ ಮುರದಂಗ ಹೇಳಿಬಿಟ್ರು: "ವಿಜ್ಞಾನಕ್ಕ ಹತ್ತು ಹುಡುಗ್ರು ಬರಲಿಲ್ಲಂದ್ರ ವಿಭಾಗ ಬಂದ್. ನೀವೂ ಮನಿಗೆ."

ಬೋರಿನ ನೀರು

ಹೋದ ವರ್ಷದ ಪ್ರಾಕ್ಟಿಕಲ್. "ಮೈಲುತುತ್ತ, ಅಂದ್ರ ಕಾಪರ್ ಸಲ್ಫೇಟ್, ನೀರಿನ್ಯಾಗ ಪೂರಾ ಕರಗ್ತದ, ತಿಳಿ ನೀಲಿ ಆಗ್ತದ" ಅಂದೆ. ನಮ್ಮ ಬೋರಿನ ಗಡಸು ನೀರಿಗೆ ಹಾಕಿದ್ರ ರಾಡಿ ಎದ್ದು ಕುಂತುಬಿಡ್ತು. ಒಬ್ಬ ಹುಡುಗಿ ಕೇಳಿದ್ಲು:

"ಸರ್, ಕಂಡದ್ದು ಬರೀಲೇನ್ರಿ, ಬುಕ್ಕಿನ್ಯಾಗ ಇದ್ದದ್ದು ಬರೀಲೇನ್ರಿ?"

"ಬುಕ್ಕಿಂದೇ ಬರಿಯವ್ವ."

"ಹಂಗಾರ ನೀರು ಯಾಕ ಹಾಳ ಮಾಡಿದಿವ್ರಿ?"

ಗೋಗಿಯ ತಾಯಿ

ಈ ವರ್ಷ ಮೊದಲು ಬಂದವಳು ಗೋಗಿ ಊರಿನ ಒಬ್ಬ ಹೆಣ್ಮಗಳು, ಮಗನ್ನ ಕಾಲೇಜಿಗೆ ಹಚ್ಚಾಕ. ನಾನು ಹುರುಪಿನಿಂದ ಹೇಳಿದೆ: "ನಿಮ್ಮನಿ ತಾಮ್ರದ ಕೊಡದ ಹಸರು ಕಿಲುಬು ನೀರಿಗೆ ಕರಗಲ್ಲ, ಹುಳಿಗೆ ಕರಗ್ತದ. ಯಾಕ ಅನ್ನೋದು ನಾವು ಕಲಿಸ್ತೀವಿ."

"ಹುಣಸಿಹಣ್ಣು ಹಚ್ಚಿ ತಿಕ್ಕೋದಾ? ನಮ್ಮತ್ತಿ ಒಂದ ದಿನದಾಗ ಕಲಿಸ್ಯಾಳ. ನಿಮಗ ಎರಡು ವರ್ಷ ಬೇಕೇನ್ರಿ?"

ಮಗನ್ನ ಕಲಾ ವಿಭಾಗಕ್ಕ ಹಚ್ಚಿ ಹೋದ್ಲು.

ಹತ್ತನೇ ಹುಡುಗ

ಹೆಂಗೋ ಒಂಬತ್ತು ಹುಡುಗ್ರು ಆದ್ರು. ಕೊನೇ ದಿನ ಬಂದವ್ರಿಗೆ ತೋರಸಾಕ ಟೇಬಲ್ ಮ್ಯಾಲ ಎರಡು ಗಿಲಾಸು ಇಟ್ಟೆ. ಒಂದರಾಗ ಚಿಮಣಿ ಎಣ್ಣಿ, ಅಂದ್ರ ಸೀಮೆಎಣ್ಣಿ; ಅದರೊಳಗ ಮೈಲುತುತ್ತ ಕರಗದ ತಳಕ್ಕ ಕುಂತಿತ್ತು. ಇನ್ನೊಂದಕ್ಕ ಪ್ರಾಚಾರ್ಯರ ಫಿಲ್ಟರ್ ನೀರೇ ತಂದಿದ್ದೆ, ಅದರಾಗ ಕರಗಿ ಥಳಥಳ ನೀಲಿ. ನನಗ ಭಾಳ ಖುಷಿ ಆಯ್ತು.

ಅಷ್ಟರಾಗ ಸುರಪುರದ ಒಬ್ಬ ದರ್ಜಿ ಚಾಚಾ ಮಗನ್ನ ಕರಕೊಂಡು ಬಂದ್ರು. ಬಿಸಲಾಗ ಬೆವತು ನೀರಾಗಿದ್ರು. ನಾನು ಫಾರ್ಮ್ ತರಾಕ ಒಳಗ ಹೋಗಿ ಹೊಳ್ಳಿ ನೋಡ್ತೀನಿ, ನೀಲಿ ಗಿಲಾಸು ಅವರ ತುಟಿ ಹತ್ರ ಅದ! ಹಾರಿ ಕಸಕೊಂಡೆ.

"ಬಂದವ್ರಿಗೆ ಇಟ್ಟ ಶರಬತ್ತು ಕಸಕೊಂತೀರಲ್ಲ ಮಾಸ್ಟರ್, ಶರಮ್ ಇಲ್ಲೇನು?"

"ಶರಬತ್ತಲ್ಲ ಚಾಚಾ, ವಿಷ!"

"ಯಾ ಅಲ್ಲಾ! ಬಂದವ್ರ ಮುಂದ ವಿಷ ಇಡ್ತೀರಾ? ಏಳೋ ಬೇಟಾ."

ಹತ್ತನೇ ಹುಡುಗ ಹೋದ. ಸಂಜಿಕ ಪ್ರಾಚಾರ್ಯರು ವಿಭಾಗ ಬಂದ್ ಮಾಡಿ ನನಗೂ ಕೈ ಮುಗದ್ರು. ಬಸ್‌ಸ್ಟ್ಯಾಂಡಿನ್ಯಾಗ ಗಂಟಲು ಒಣಗಿ ಕುಂತೆ. ಅಳು ಬರಾಕತ್ತಿತ್ತು.

ಬಾಜೂಕ ಯಾರೋ ನೀರಿನ ಬಾಟಲಿ ಚಾಚಿದ್ರು. ನೋಡಿದ್ರ ಅದೇ ಚಾಚಾ.

"ಕುಡೀರಿ ಮಾಸ್ಟರ್," ಅಂದ್ರು, "ಇದರಾಗ ನಾ ಏನೂ ಕರಗಿಸಿಲ್ಲ."