ಎಣ್ಣೆ ಪಂಪಿನ ಬೋಲ್ಟುಬಂಧನ

ಕಾರುಗಳು ಸದ್ದೇ ಇಲ್ಲದೆ ಓಡಾಡುವ ಈ ನಿಸ್ಸಾರ ಯುಗದಲ್ಲಿ, ಮೈಸೂರೆಂಬ ಮಹಾನಗರಿಯ ತಗಡಿನ ಶೆಡ್ಡೊಂದರೊಳಗೆ, ಗ್ರೀಸ್‌ಲಿಪ್ತಬಾಹುವೂ ಸ್ಪ್ಯಾನರಾಯುಧಪಾಣಿಯೂ ಎಂಜಿನ್‌ಸಮರದಲ್ಲಿ ಸೋಲೆಂಬುದನ್ನೇ ಅರಿಯದವನೂ ಆದ ಮೆಕ್ಯಾನಿಕ್ ಸಿದ್ದಲಿಂಗಾಚಾರಿಯ ಪರಾಕ್ರಮವನ್ನು, ಓ ವಾಗ್ದೇವಿಯೇ, ನನ್ನ ಬಾಯಿಂದ ಹಾಡಿಸು!

ಆತನೆದುರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ, ಅರುಣವರ್ಣದ, ಎರಡೇ ಆಸನಗಳ, ಹತ್ತೊಂಬತ್ತು ವರ್ಷಗಳಿಂದ ಮೌನವ್ರತದಲ್ಲಿದ್ದ ಸ್ಪೋರ್ಟ್ಸ್ ಕಾರು ಆರೂಢವಾಗಿತ್ತು. ಅದರ ಒಡತಿ, ಲಕ್ಷದಂತೋತ್ಪಾಟನಪ್ರವೀಣೆಯಾದ ನಿವೃತ್ತ ದಂತವೈದ್ಯೆ ವಸುಮತಿ. ಕಾರು ಆಕೆಯ ತಂದೆ ಕೊಂಡದ್ದು. ಮರುದಿನ ಹಳೆಯ ಕಾರುಗಳ ಮೆರವಣಿಗೆ. ತೊಂಬತ್ತು ದಾಟಿದ ಆ ಹಿರಿಯರು ಮಗಳ ಪಕ್ಕದಲ್ಲಿ ಕೂರಲೆಂದು ಆಗಲೇ ಕೋಟು ಇಸ್ತ್ರಿ ಮಾಡಿಸಿಟ್ಟಿದ್ದರು.

ಎಂಜಿನ್ನಿನ ಅಧೋಲೋಕದಲ್ಲಿ ಎಣ್ಣೆಯ ಪಂಪನ್ನು ಎರಡು ಬೋಲ್ಟುಗಳು ಹಿಡಿದಿದ್ದವು. ಅವು ಅದುರಿ ಸಡಿಲಗೊಂಡರೆ ಎಣ್ಣೆ ಮೇಲೇರದು. ಎಣ್ಣೆ ಏರದಿದ್ದರೆ ಎಂಜಿನ್ನು ಕಚ್ಚಿಕೊಂಡು ಪ್ರಾಣ ಬಿಡುವುದು. ಆದ್ದರಿಂದ ಬೋಲ್ಟುಗಳ ತಲೆಯ ತೂತುಗಳಲ್ಲಿ ತಂತಿ ಪೋಣಿಸಿ, ಒಂದಕ್ಕೊಂದನ್ನು ಬಿಗಿದು ಕಟ್ಟಬೇಕಿತ್ತು.

“ನಲವತ್ತು ವರ್ಷ ಮೇಡಂ!” ಎಂದು ಕಾರಿನಡಿಯಿಂದ ಗರ್ಜಿಸಿದ ಆಚಾರಿ. “ಲಾರಿ, ಬಸ್ಸು, ಟ್ರ್ಯಾಕ್ಟ್ರು, ಯಾವ್ದಾದ್ರೂ ಈ ಕೈಯಿಂದ ತಪ್ಪಿಸ್ಕೊಂಡಿದ್ಯಾ? ಈ ಎರಡು ಬೋಲ್ಟು ಯಾವ ಲೆಕ್ಕ!”

ಮೊದಲ ತಂತಿ ತುಂಡಾಯಿತು. ಎರಡನೆಯದು ತುಂಡಾಗಿ ವೀರನ ಮೂಗಿನ ಮೇಲೆಯೇ ಬಿತ್ತು. ಮಧ್ಯಾಹ್ನದ ಊಟ ತಣ್ಣಗಾದ ಮೇಲೆ ಕಟ್ಟಿದ ತಂತಿ ನಿಂತಿತು. ಆತನ ವಿಜಯಘೋಷಕ್ಕೆ ತಗಡಿನ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ವಸುಮತಿ ಟಾರ್ಚು ಹಿಡಿದು ಬಗ್ಗಿ ನೋಡಿದಳು. “ಆಚಾರ್ರೇ, ಇದು ಬೋಲ್ಟನ್ನ ಬಿಚ್ಚೋ ಕಡೆಗೆ ಎಳೀತಿದೆ ಅಲ್ವಾ?”

ವೀರನು ತಂತಿಯ ಸುತ್ತುಗಳ ಮೇಲೆ ಬೆರಳಾಡಿಸಿ ನೋಡಿದ.

“ಹೌದು,” ಎಂದ ಆಚಾರಿ ಸಣ್ಣ ದನಿಯಲ್ಲಿ. “ಈಗೀಗ ಕೈ ನಡುಗ್ತದೆ ಮೇಡಂ. ಯಾರ್ಗೂ ಹೇಳ್ಬೇಡಿ.”

ಆಕೆ ನೆಟ್ಟಗೆ ಮನೆಗೆ ಹೋದಳು. ಮುರಿದ ದವಡೆಗಳಿಗೆ ತಂತಿ ಕಟ್ಟುತ್ತಿದ್ದ ಸಪೂರ ಇಕ್ಕಳವನ್ನು ತಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲದ ಮೇಲೆ ಆತನ ಪಕ್ಕ ಅಂಗಾತ ಮಲಗಿದಳು.

“ನೀವು ಟಾರ್ಚ್ ಹಿಡೀರಿ. ಯಾವ ಕಡೆಗೆ ಎಳೀಬೇಕು, ಹೇಳ್ತಾ ಹೋಗಿ.”

“ಬಲಕ್ಕೆ ಮೇಡಂ... ಹಾಂ, ಹಂಗೇ. ಇನ್ನೊಂದು ಸುತ್ತು.”

ಆತ ಹೇಳಿದ, ಆಕೆ ಕಟ್ಟಿದಳು. ಅಭ್ಯಾಸಬಲದಿಂದ ಎಂಜಿನ್ನಿಗೆ “ಸ್ವಲ್ಪ ನೋಯುತ್ತೆ, ಅಷ್ಟೆ” ಎಂದೂ ಸಮಾಧಾನ ಹೇಳಿದಳು. ತಳ ಮುಚ್ಚಿ, ಎಣ್ಣೆ ಸುರಿದು, ಕೀಲಿ ತಿರುಗಿಸಲು, ಮೇಘಗಂಭೀರನಿನಾದದಿಂದ ಎಂಜಿನ್ನು ಎದ್ದಿತು. ಎಣ್ಣೆಯ ಒತ್ತಡ ತೋರುವ ಮುಳ್ಳು ತಡವರಿಸಿ, ಏರಿ, ನಿಂತಿತು. ಆಚಾರಿ ಕಣ್ಣೊರೆಸಿಕೊಂಡು, “ಹೊಗೆ ಮೇಡಂ” ಎಂದ.

ಮರುದಿನ ಮೆರವಣಿಗೆಯಲ್ಲಿ, ಸ್ಕೂಟರಿನಲ್ಲಿ ಹಿಂಬಾಲಿಸುತ್ತಿದ್ದ ಆಚಾರಿಯನ್ನು ತಿರುಗಿ ನೋಡಿ ತಂದೆ ಕೇಳಿದರು: “ಏನಮ್ಮಾ ರಿಪೇರಿ ಇದ್ದಿದ್ದು?”

“ಒಂದು ಗೇಣು ತಂತಿ ಕಟ್ಟಿದ್ವಿ, ಅಪ್ಪ.”

“ಅಷ್ಟಕ್ಕೆ ಇಬ್ರಿಗೆ ಇಡೀ ದಿನಾನಾ?” ಎಂದು ಅವರು ಮಗಳ ಕೈಮೇಲಿಂದ ಬಾಗಿ ಹಾರನ್ ಒತ್ತಿದರು.