ವಾರಿಜಳ ನಾಟಕಕ್ಕೆ ನಾನು ಪ್ರೇಕ್ಷಕನಾದದ್ದು

ಕರೆಂಟು ಹೋಗಬಹುದಿತ್ತು. ಜನರೇಟರಿಗೆ ಡೀಸೆಲ್ ಹಾಕಲು ಮರೆತಿರಬಹುದಿತ್ತು. ಪರದೆ ಅರ್ಧ ತೆರೆದು ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದು, ನಡೆಯುತ್ತಿದ್ದ ನಾಟಕವನ್ನು ನಿಲ್ಲಿಸಿ, ರಂಗಭೂಮಿಯ ಮಹತ್ವದ ಕುರಿತು ಎರಡು ಮಾತು ಆಡಬಹುದಿತ್ತು. ಯಾರಿಗೋ ಶಾಲು ಹೊದೆಸುವುದು ಬಾಕಿಯಾಯಿತೆಂದು ಸಂಘಟಕರು ಹಣ್ಣಿನ ಬುಟ್ಟಿ ಹಿಡಿದು ದೃಶ್ಯದ ನಡುವೆಯೇ ವೇದಿಕೆ ಹತ್ತಬಹುದಿತ್ತು. ಅಳುವ ಸನ್ನಿವೇಶದಲ್ಲಿ ಯಾರದ್ದೋ ಮೊಬೈಲು ಮದುವೆ ಹಾಡು ಹಾಡಬಹುದಿತ್ತು. ಅವರು ಅದನ್ನು ಎತ್ತಿ, ತಾವೀಗ ನಾಟಕದಲ್ಲಿರುವುದಾಗಿಯೂ ಸ್ವಲ್ಪ ಜೋರಾಗಿ ಮಾತಾಡಬೇಕೆಂದೂ ತಿಳಿಸಬಹುದಿತ್ತು. ಸುಬ್ರಹ್ಮಣ್ಯದ ಬಸ್ಸಿಗೆ ಹೊತ್ತಾಯಿತೆಂದು ಇಡೀ ಒಂದು ಸಾಲು ಎದ್ದು ಹೋಗಬಹುದಿತ್ತು.

ಹೇಳಿದರೆ ನಂಬಬೇಕು, ಆ ಭಾನುವಾರ ಸುಳ್ಯದ ಸಭಾಭವನದಲ್ಲಿ ಇದರಲ್ಲಿ ಒಂದೂ ಆಗಲಿಲ್ಲ.

ನಾನು ವಿಮಾ ಏಜೆಂಟ್. ಆಗಬಾರದ್ದು ಆದರೆ ಏನು ಗತಿ ಎಂದು ಯೋಚಿಸಲು ಜನರಿಗೆ ಪುರುಸೊತ್ತಿರುವುದಿಲ್ಲ. ಅವರೆಲ್ಲರ ಪರವಾಗಿ ನಾನೊಬ್ಬನೇ ಯೋಚಿಸುತ್ತೇನೆ. ಮನೆಯಿಂದ ಹೊರಟು ಅರ್ಧ ದಾರಿಯಿಂದ ಗ್ಯಾಸ್ ನೋಡಲು ವಾಪಸು ಬರುವುದು ನಮ್ಮಲ್ಲಿ ಪ್ರಯಾಣದ ಒಂದು ಭಾಗವೆಂದೇ ಪರಿಗಣಿತವಾಗಿದೆ. ಹಾಗಿರುವಾಗ, ಹೆಂಡತಿ ಮೊದಲ ಬಾರಿಗೆ ವೇದಿಕೆ ಹತ್ತುವ ದಿನ ನಾನು ಸುಮ್ಮನೆ ಹೋಗಿ ಸುಮ್ಮನೆ ಕೂರುವುದು ಹೇಗೆ?

ವಾರಿಜ ಕಡಬದಲ್ಲಿ ಹೊಲಿಗೆ ಕಲಿಸುವವಳು. ಊರಿನ ಮಹಿಳೆಯರ ನಾಟಕ ತಂಡಕ್ಕೆ ಮೊದಲಿನಿಂದಲೂ ಬಟ್ಟೆ ಹೊಲಿದು ಕೊಡುತ್ತಿದ್ದಳು. ರಾಣಿಯ ರವಕೆ, ಪೊಲೀಸರ ಅಂಗಿ, ಹುಲಿಯ ಬಾಲ, ಎಲ್ಲ ಅವಳ ಮಿಷನಿನಿಂದಲೇ ಹೊರಟವು. ನಾಟಕದ ದಿನ ಸೂಜಿ ದಾರ ಹಿಡಿದು ಪರದೆಯ ಹಿಂದೆ ನಿಂತಿರುತ್ತಿದ್ದಳು. ಈ ಸಲ ತಂಡಕ್ಕೆ ಹೊಸ ನಿರ್ದೇಶಕಿ ಬಂದಿದ್ದರು. ಚೈತ್ರಾ ಎಂದು ಹೆಸರು. ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಅಜ್ಜಿಯ ಪಾತ್ರಕ್ಕೆ ಅಳತೆ ತೆಗೆಯುತ್ತಿದ್ದ ವಾರಿಜಳನ್ನೇ ಸ್ವಲ್ಪ ಹೊತ್ತು ನೋಡಿ, ಈ ಅಜ್ಜಿಯನ್ನು ನೀವೇ ಯಾಕೆ ಮಾಡಬಾರದು ಅಕ್ಕಾ ಎಂದು ಕೇಳಿದರಂತೆ. ಆ ದಿನ ವಾರಿಜ ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಆದರೆ ಅಭ್ಯಾಸ ಮುಂದುವರಿದ ಹಾಗೆ ಅವಳ ಮುಖ ಚಿಕ್ಕದಾಗುತ್ತಾ ಬಂತು. ಒಂದು ಸಂಜೆ ಕೇಳಿದಾಗ ವಿಷಯ ಹೇಳಿದಳು. ನಾಟಕದ ಕೊನೆಯಲ್ಲಿ ಅಜ್ಜಿ ಒಂದು ಮನೆಯ ಮೆಟ್ಟಿಲಿನಲ್ಲಿ ಕೂತು ಕುಡಿಯಲು ನೀರು ಕೇಳಬೇಕು. ಅಷ್ಟೇ. ಅದೇ ಆಗುತ್ತಿಲ್ಲ.

"ನಿಮ್ಮ ಬಾಯಾರಿಕೆ ನನ್ನವರೆಗೆ ಬರುದಿಲ್ಲ ಅಕ್ಕಾ ಅಂತಾರೆ. ಕಡೇ ಸಾಲಿನಲ್ಲಿ ಕೂತವರಿಗೂ ಮುಟ್ಟಬೇಕಂತೆ. ನಾನು ಬರೇ ಮಾತು ಹೇಳುದಂತೆ."

"ಹಾಗಾದರೆ ಸ್ವಲ್ಪ ಜೋರಾಗಿ ಹೇಳು," ಎಂದೆ ನಾನು.

ಅವಳು ನನ್ನನ್ನು ನೋಡಿದ ರೀತಿಗೆ ಯಾವ ನಿರ್ದೇಶಕಿಯ ತರಬೇತಿಯೂ ಬೇಕಿರಲಿಲ್ಲ. ಆಮೇಲೆ ಮೆಲ್ಲ ಹೇಳಿದಳು, "ಈ ಸಲ ಆಗದಿದ್ದರೆ ಪಾತ್ರಗೀತ್ರ ಎಲ್ಲ ಬಿಟ್ಟೆ. ಪುನಃ ಮಿಷನಿನ ಹತ್ತಿರವೇ ಕೂತುಕೊಳ್ಳುದು. ಅಲ್ಲಿ ಯಾರಿಗೂ ಎಂತದೂ ಮುಟ್ಟುದು ಬೇಡ."

ಆ ಮಾತು ನನಗೆ ಮುಟ್ಟಿತು. ಅವಳ ನಟನೆಯ ವಿಷಯದಲ್ಲಿ ನಾನು ಮಾಡುವಂಥದ್ದು ಏನೂ ಇರಲಿಲ್ಲ; ಮನೆಯಲ್ಲಿ ಅಭ್ಯಾಸ ಮಾಡುವಾಗ ಕೂಡ, ನಡುವೆ ಬಾಯಿ ಹಾಕುತ್ತೇನೆಂದು, ನನ್ನನ್ನು ಪೇಟೆಗೆ ಕಳಿಸುತ್ತಿದ್ದಳು. ಆದರೆ ಪ್ರೇಕ್ಷಕರ ವಿಷಯದಲ್ಲಿ ಮಾಡಬಹುದಲ್ಲ? ಅವಳ ಬಾಯಾರಿಕೆ ಕಡೇ ಸಾಲಿಗೆ ಹೋಗುವ ದಾರಿಯಲ್ಲಿ ಒಂದು ಕೆಮ್ಮೂ ಅಡ್ಡ ಬರಬಾರದು. ಆ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ಕೊಟ್ಟದ್ದಲ್ಲ.

ವಾರಿಜಳಿಗೆ ವಾಸನೆ ಬಡಿಯಿತು. ಹೊರಡುವ ಮೊದಲೇ ಶರತ್ತು ಹಾಕಿದಳು: ಬಂದರೆ ಕೂರಬೇಕು, ಕೂತರೆ ಏಳಬಾರದು, ಬಾಯಿ ಬಿಡಬಾರದು. ನಾನು ಒಪ್ಪಿದೆ. ಜೀರಿಗೆ ಹಾಕಿ ಕುದಿಸಿದ ನೀರನ್ನು ಒಂದು ಸ್ಟೀಲ್ ಬಾಟ್ಲಿಯಲ್ಲಿ ತುಂಬಿಸಿಕೊಂಡೆ. ನಾಟಕ ಮುಗಿದ ಮೇಲೆ ಅವಳ ಗಂಟಲಿಗೆ ಬೇಕಾಗುತ್ತದಲ್ಲ.

ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವರು ಹಮೀದಾಕ. ಕಡಬದಲ್ಲಿ ಅವರದು ಬಟ್ಟೆ ಅಂಗಡಿ, ಅಜ್ಜಿಯ ಸೀರೆಯೂ ಅಲ್ಲಿಯದೇ. ಸೀರೆ ಲೈಟಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಅವರಿಗೆ. ಕತೆಯ ಬಗ್ಗೆ ಚಿಂತೆ ಇಲ್ಲ.

ನಾನು ಮೊದಲು ಬಾಗಿಲಲ್ಲಿ ನಿಂತೆ. ಬಂದವರನ್ನೆಲ್ಲ ಕೈ ಮುಗಿದು ಮೊಬೈಲು ಬಂದ್ ಮಾಡಲು ವಿನಂತಿಸಿದೆ. ಒಬ್ಬ ಹಿರಿಯರಿಗೆ ಬಂದ್ ಮಾಡಲು ಗೊತ್ತಿರಲಿಲ್ಲ; ನಾನೇ ತೆಗೆದುಕೊಂಡು ಒತ್ತಿದೆ. ಅದು ಎಲ್ಲಿಗೆ ಒತ್ತಿತೋ, ದುಬಾಯಿಯಲ್ಲಿದ್ದ ಅವರ ಮಗ ವೀಡಿಯೊದಲ್ಲಿ ಪ್ರತ್ಯಕ್ಷನಾಗಿ, ಅಪ್ಪನಿಗೆ ಎಂತ ಆಯಿತು, ನೀವು ಯಾರು ಎಂದು ಗಾಬರಿಯಿಂದ ವಿಚಾರಿಸತೊಡಗಿದ. ಅಪ್ಪ ಕ್ಷೇಮವಾಗಿದ್ದಾರೆ, ನಾನು ವಿಮಾ ಏಜೆಂಟ್ ಎಂದೆ. ಅವನ ಗಾಬರಿ ಇನ್ನೂ ಹೆಚ್ಚಾಯಿತು.

ಅವನನ್ನು ಸಮಾಧಾನ ಮಾಡಿ ಒಳಗೆ ಬಂದರೆ, ಕಲ್ಲುಗುಂಡಿಯಿಂದ ಬಂದ ಒಂದು ಕುಟುಂಬ ನಮ್ಮ ಹಿಂದೆಯೇ ಕೂತು ಬಾಳೆಕಾಯಿ ಚಿಪ್ಸಿನ ದೊಡ್ಡ ಪ್ಯಾಕೇಟು ಬಿಡಿಸುತ್ತಿತ್ತು. ಆ ಸದ್ದು! ಮುಗಿದ ಮೇಲೆ ಕೊಡುತ್ತೇನೆಂದು ಮಾತು ಕೊಟ್ಟು ಪ್ಯಾಕೇಟನ್ನು ವಶಪಡಿಸಿಕೊಂಡೆ. ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಾಟಕ ಸುರುವಾಯಿತು. ನಾನು ಉಸಿರಾಡಿದಾಗಲೆಲ್ಲ ಪ್ಯಾಕೇಟು ಚರಚರ ಅನ್ನತೊಡಗಿತು. ಜನ ತಿರುಗಿ ನೋಡಿದರು. ನಾನೂ ಅವರೊಟ್ಟಿಗೆ ತಿರುಗಿ ಹಿಂದೆ ನೋಡಿದೆ.

ಎಲ್ಲಿ ಪಿಸುಮಾತು ಕೇಳಿದರೂ ನಾನು "ಶ್" ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಂಡದ ಸ್ವಯಂಸೇವಕಿಯೊಬ್ಬಳು ಬಗ್ಗಿಕೊಂಡು ಬಂದು, ಇಲ್ಲಿ ಯಾರೋ ಕುಕ್ಕರಿನ ಹಾಗೆ ಸದ್ದು ಮಾಡುತ್ತಿದ್ದಾರಂತೆ, ಪಾತ್ರಧಾರಿಗಳಿಗೆ ತೊಂದರೆಯಾಗುತ್ತಿದೆಯಂತೆ, ಯಾರೆಂದು ಸ್ವಲ್ಪ ನೋಡಿ ಹೇಳಬಹುದಾ ಎಂದು ನನ್ನಲ್ಲೇ ಕೇಳಿದಳು. ನೋಡುತ್ತೇನೆ ಎಂದೆ.

"ಏಜೆಂಟ್ರೇ, ಒಮ್ಮೆ ನಾಟಕ ನೋಡಿ ಮಾರಾಯ್ರೆ," ಎಂದರು ಹಮೀದಾಕ ಮೆಲ್ಲ. "ಅಗೊಳ್ಳಿ, ವಾರಿಜಕ್ಕ ಬಂದ್ರು."

ನೋಡಿದೆ. ಬಂದವಳು ವಾರಿಜಳಲ್ಲ. ಯಾವುದೋ ಮುದುಕಿ. ಬೆನ್ನು ಬಾಗಿದೆ, ಕಾಲಲ್ಲಿ ಧೂಳು. ಎಲ್ಲೆಲ್ಲಿಂದಲೋ ನಡೆದು ಬಂದಿದ್ದಾಳೆ. ಎದುರಿಗೆ ಒಂದು ಮನೆ. ಅವಳು ಹುಟ್ಟಿದ ಮನೆ ಅದು. ಆದರೆ ಈಗ ಅಲ್ಲಿರುವವರಿಗೆ ಅವಳು ಯಾರೆಂದು ಗೊತ್ತಿಲ್ಲ. ಮೆಟ್ಟಿಲಿನಲ್ಲಿ ಮೆಲ್ಲ ಕೂತಳು. ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಗಾ, ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡ್ತೀಯಾ?"

ಒಳಗಿನಿಂದ ಮನೆಯ ಸೊಸೆ ಕಿಟಕಿಯಲ್ಲಿ ನೋಡಿದಳು. ಬಾಗಿಲು ತೆರೆಯಲಿಲ್ಲ.

ಅಜ್ಜಿ ಕಾದಳು. ನಾವೂ ಕಾದೆವು. ಯಾರೂ ಬರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಯಾರೇ ಮೆಟ್ಟಿಲು ಹತ್ತಲಿ, ಬಂದ ಕೆಲಸ ಕೇಳುವ ಮೊದಲು ಬಾಯಾರಿಕೆಗೆ ಎಂತ ಆಗಬೇಕು ಎಂದು ಕೇಳುತ್ತಾರೆ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಮುಂದೆ ಬರುತ್ತದೆ. ಮಾತು ಆಮೇಲೆ. ನನ್ನ ವೃತ್ತಿಜೀವನ ನಿಂತಿರುವುದೇ ಈ ನೀರು ಬೆಲ್ಲದ ಮೇಲೆ. ಪಾಲಿಸಿ ಬೇಡವೇ ಬೇಡ ಎಂದವರೂ, ನನ್ನನ್ನು ಕಂಡ ಕೂಡಲೇ ಹಿಂಬಾಗಿಲಿನಿಂದ ತೋಟಕ್ಕೆ ಇಳಿದವರೂ, ಮನೆಯವರ ಕೈಯಲ್ಲಿ ನೀರು ಕಳಿಸದೆ ಇದ್ದದ್ದಿಲ್ಲ. ಜಗಳವಾದ ಮನೆಯಲ್ಲೂ ನೀರು ಕುಡಿದೇ ಜಗಳ.

ಇಲ್ಲಿ ನೋಡಿದರೆ ಒಂದು ಮುದುಕಿ ಬಾಯಿ ಬಿಟ್ಟು ಕೇಳಿದ್ದಾಳೆ, ಮನೆಯಲ್ಲಿ ಜನ ಇದ್ದಾರೆ, ನೀರಿಲ್ಲ.

ಸಭಾಭವನದಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು. ಹಿಂದೆ ಯಾರೋ ಹೆಂಗಸು ತಡೆಯಲಾರದೆ ತುಳುವಿನಲ್ಲಿ "ನೀರ್ ಕೊರ್ಲೆಯಾ" ಎಂದರು, ನೀರು ಕೊಡಿಯಪ್ಪಾ ಎಂದು. ನಾನು ತಿರುಗಿ "ಶ್" ಎಂದೆ. ಆಗಲೂ ನಾನು ಕರ್ತವ್ಯದಲ್ಲೇ ಇದ್ದೆ. ನಂತರ ವೇದಿಕೆಯತ್ತ ನೋಡಿದೆ. ಅಜ್ಜಿ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಇನ್ನೊಮ್ಮೆ ಕೇಳಲು ಬಾಯಿ ತೆರೆದಳು, ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಯೋಚಿಸದೆ ನಾನು ಮಾಡಿದ ಕೆಲಸ ಜೀವನದಲ್ಲಿ ಬಹುಶಃ ಇದೊಂದೇ. ಹಮೀದಾಕ ನನ್ನ ಅಂಗಿ ಹಿಡಿದು ಎಳೆದರಂತೆ, ನನಗೆ ಗೊತ್ತಾಗಲಿಲ್ಲ. ಬದಿಯ ಮೆಟ್ಟಿಲು ಹತ್ತಿ, ಲೈಟಿನ ನಡುವೆ ಬಂದು, ಅಜ್ಜಿಯ ಮುಂದೆ ಬಗ್ಗಿ ಬಾಟ್ಲಿ ಚಾಚಿದೆ. ಇನ್ನೊಂದು ಕೈಯಲ್ಲಿ ಚಿಪ್ಸಿನ ಪ್ಯಾಕೇಟು ಹಾಗೆಯೇ ಇತ್ತು. ಬರಿಯ ನೀರು ಕೊಟ್ಟು ಅಭ್ಯಾಸವಿಲ್ಲದ್ದರಿಂದ ನನ್ನ ಬಾಯಿಯಿಂದ ತನ್ನಿಂದ ತಾನೇ ಮಾತು ಬಂತು.

"ಬೆಲ್ಲ ಇಲ್ಲ."

ಅಜ್ಜಿ ತಲೆ ಎತ್ತಿದಳು. ಆ ಕ್ಷಣ ಅದು ಅಜ್ಜಿಯ ಮುಖವಾಗಿರಲಿಲ್ಲ, ವಾರಿಜಳದಾಗಿತ್ತು. ನಾನು ಗ್ಯಾಸ್ ನೋಡಲು ವಾಪಸು ಹೋಗುವಾಗ ದಾರಿಯಲ್ಲಿ ನಿಂತು ಕಾಯುವ ವಾರಿಜಳದು. ನನಗೆ ಆಗ ಎಲ್ಲಿದ್ದೇನೆಂದು ಗೊತ್ತಾಯಿತು. ಎದುರಿಗೆ ಸಭಾಭವನದ ತುಂಬ ಕತ್ತಲು, ಕತ್ತಲಿನ ತುಂಬ ಜನ. ಅವಳ ಪಾತ್ರ, ಅವಳ ಇಷ್ಟು ದಿನದ ಆಸೆ, ಎಲ್ಲವನ್ನೂ ಒಂದು ಬಾಟ್ಲಿ ಜೀರಿಗೆ ನೀರಿನಲ್ಲಿ ಮುಳುಗಿಸಿ ನಿಂತಿದ್ದೆ.

ಅವಳು ಬಾಟ್ಲಿಯನ್ನು ನೋಡಿದಳು. ಚಿಪ್ಸನ್ನು ನೋಡಿದಳು. ಮತ್ತೆ ಮೆಲ್ಲ ಮೆಲ್ಲ ಬೆನ್ನು ಬಾಗಿತು, ಕಣ್ಣಿಗೆ ವಯಸ್ಸು ಬಂತು. ನನ್ನ ಕೈಯನ್ನು ಹಿಂದಕ್ಕೆ ಸರಿಸಿದಳು.

"ಬರುವ ದಾರಿಯಲ್ಲಿ ಎಷ್ಟು ಬಾವಿ ಇತ್ತು ಮಗಾ. ನನಗೆ ಈ ಮನೆಯ ನೀರು ಬೇಕು."

ಸಭಾಭವನದಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ. ಒಳಗೆ ನಿಂತಿದ್ದ ಸೊಸೆಯ ಪಾತ್ರಧಾರಿ, ಏನು ಮಾಡುವುದೆಂದು ತಿಳಿಯದೆ ಕಂಗಾಲಾಗಿದ್ದವಳು, ಆ ಮಾತು ಕೇಳಿ ನಿಜವಾಗಿಯೇ ಅಳುತ್ತಾ ಬಾಗಿಲು ತೆರೆದಳು. ಕೈಯಲ್ಲಿ ಚೊಂಬು ಇತ್ತು. ನಾನು ಹಿಂದೆ ಹಿಂದೆ ಸರಿದು ಬದಿಯ ಮೆಟ್ಟಿಲಿನಲ್ಲಿ ಕುಸಿದು ಕೂತೆ. ಪ್ಯಾಕೇಟು ಚರ್ ಎಂದಿತು. ಅಜ್ಜಿ ಕಣ್ಣು ಮುಚ್ಚಿ ನೀರು ಕುಡಿದಳು. ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನವರು ಬಂದು ಚಿಪ್ಸ್ ತೆಗೆದುಕೊಂಡು ಹೋದರು.

ವಾಪಸು ಬರುವಾಗ ಬೆಳ್ಳಾರೆ ದಾಟುವವರೆಗೂ ವಾರಿಜ ಹಿಂದಿನ ಸೀಟಿನಲ್ಲಿ ಕೂತು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಕಾರು ಬಿಡುತ್ತಿದ್ದ ಹಮೀದಾಕ, ಸೀರೆ ಲೈಟಿಗೆ ಭಾರೀ ಚಂದ ಕಂಡಿತು ಎಂದು ಒಮ್ಮೆ ಹೇಳಿ ನೋಡಿದರು. ನಾನು ಕ್ಷಮೆ ಕೇಳುವ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧ ಮಾಡುತ್ತಿದ್ದೆ.

"ನೀವು ಎಂತಕ್ಕೆ ಎದ್ದು ಬಂದದ್ದು?" ಎಂದು ಅವಳೇ ಕೇಳಿದಳು.

ಸಿದ್ಧ ಮಾಡಿದ ವಾಕ್ಯ ಮರೆತುಹೋಯಿತು. "ಬಾಯಾರಿದ್ದು ನೋಡ್ಲಿಕ್ಕೆ ಆಗಲಿಲ್ಲ," ಎಂದೆ.

"ಯಾರಿಗೆ ಬಾಯಾರಿದ್ದು? ನನಗಾ?"

"ಅಲ್ಲ. ಆ ಅಜ್ಜಿಗೆ."

ಅವಳು ಕಿಟಕಿಯ ಹೊರಗೆ ನೋಡಿದಳು. "ಅಷ್ಟು ಬಾಯಾರಿದ ಹಾಗೆ ಕಂಡಿತಾ?" ಎಂದಳು. ಹೌದೆಂದೆ. ಪಂಜದ ಹತ್ತಿರ ಇನ್ನೊಮ್ಮೆ ಕೇಳಿದಳು. ಹೌದೆಂದೆ. ಕಡಬಕ್ಕೆ ಬಂದು ಕಾರಿನಿಂದ ಇಳಿಯುವಾಗ ಹಮೀದಾಕನಲ್ಲೂ ಕೇಳಿದಳು. "ಎಂತ ವಾರಿಜಕ್ಕ ನೀವು," ಎಂದರು ಅವರು, "ಇವರು ಓಡದಿದ್ದರೆ ನಾನು ಹೋಗ್ತಿದ್ದೆ. ನನ್ನ ಹತ್ತಿರ ಬಾಟ್ಲಿ ಇರ್ಲಿಲ್ಲ, ಹಾಗೆ."

ಆ ರಾತ್ರಿ ಸಾರಿಗೆ ಉಪ್ಪೇ ಇರಲಿಲ್ಲ. ಬಡಿಸುವಾಗ ವಾರಿಜ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ನಾನು ಏನೂ ಹೇಳದೆ ಎರಡು ಸಲ ಬಡಿಸಿಕೊಂಡು ಉಂಡೆ.

ಮರುದಿನ ಚೈತ್ರಾ ಫೋನು ಮಾಡಿದರು. ವಾರಿಜ ಅಲ್ಲೇ ಹುಟ್ಟಿಸಿದ ಬಾವಿಯ ಮಾತನ್ನು ನಾಟಕದಲ್ಲಿ ಇಟ್ಟುಕೊಂಡಾಗಿತ್ತು. ಪುತ್ತೂರಿನ ಪ್ರದರ್ಶನದಲ್ಲಿ ಪ್ರೇಕ್ಷಕರ ನಡುವಿನಿಂದ ಒಬ್ಬರು ಎದ್ದು ಬಂದು ನೀರು ಕೊಡುವ ದೃಶ್ಯವೂ ಇರುತ್ತದಂತೆ. ನಾನು ಗಂಟಲು ಸರಿಮಾಡಿಕೊಂಡು, ನನಗೇನೂ ಅಭ್ಯಂತರವಿಲ್ಲ, ಬಿಡುವು ಮಾಡಿಕೊಳ್ಳುತ್ತೇನೆ ಎಂದೆ. ಅವರು ಸ್ವಲ್ಪ ಸಂಕೋಚದಿಂದ, "ಇಲ್ಲ ಅಂಕಲ್, ಅದಕ್ಕೆ ಬೇರೆಯವರು ಸಿಕ್ಕಿದ್ದಾರೆ. ನಿಮ್ಮದು ಸ್ವಲ್ಪ ಕೃತಕ ಅನ್ನಿಸ್ತದೆ," ಎಂದರು.

ಪುತ್ತೂರಿನಲ್ಲಿ ನಾನು ಕಡೇ ಸಾಲಿನಲ್ಲಿ ಕೈಕಟ್ಟಿ ಕೂತೆ. ಅಜ್ಜಿ ನೀರು ಕೇಳಿದಳು. ಕಡೇ ಸಾಲಿಗೂ ಮುಟ್ಟಿತು, ನಾನೇ ಸಾಕ್ಷಿ. ನಡುವಿನ ಸಾಲಿನಿಂದ ಒಬ್ಬರು ಎದ್ದು, ಬಾಟ್ಲಿ ಹಿಡಿದು ವೇದಿಕೆಯತ್ತ ನಡೆದರು. ನಿಜ ಹೇಳಬೇಕೆಂದರೆ ನನಗಿಂತ ಎಷ್ಟೋ ಸಹಜವಾಗಿ ನಡೆದರು. ಎಷ್ಟೆಂದರೆ, ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತರು ಸಿಟ್ಟಿನಿಂದ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದು ಯಾವ ಜನ ಮಾರಾಯ್ರೆ? ನಾಟಕ ನೋಡ್ಲಿಕ್ಕೂ ಒಂದು ಕ್ರಮ ಉಂಟಲ್ಲ?"

"ಹೌದು ಮಾರಾಯ್ರೆ," ಎಂದೆ. "ಇಂಥವರನ್ನೆಲ್ಲ ಮನೆಯವರು ಕರೆದುಕೊಂಡು ಬರಲೇಬಾರದು."